ಹದಿನೆಂಟಡಿ ಹಳ್ಳಕ್ಕೊಂದು ದೋಣಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆರ್ಲೋ ಪೆಲ್ಕಿ ಆ ದಿನ ಬೆಳಿಗ್ಗೆ ಮಾತನ್ನೂ ಆಡಲಿಲ್ಲ. ಎಡಗೈಯಲ್ಲಿ ಫೋರ್ಕು, ಬಾಯಲ್ಲಿ ಪ್ಯಾನ್‌ಕೇಕು, ಬಲಗೈ ಹೆಬ್ಬೆರಳಿನಿಂದ ಫೋನಿನಲ್ಲಿ ಒಂದು ಸಾಲು ಒತ್ತಿದ, ಅಷ್ಟೆ. ಆಗ ಸಮಯ ಏಳು ಗಂಟೆ ಹನ್ನೆರಡು ನಿಮಿಷ.

ಮಾರ್ಚ್ ತಿಂಗಳ ಮೊದಲ ಮಂಗಳವಾರ, ಅಂದರೆ ಅಮೆರಿಕದ ವರ್ಮಾಂಟ್ ರಾಜ್ಯದ ಪಾಟರ್ಸ್ ಹಾಲೋ ಎಂಬ ಊರಿನಲ್ಲಿ ಊರಸಭೆಯ ದಿನ. ವರ್ಷಕ್ಕೊಮ್ಮೆ ಊರಿಗೆ ಊರೇ ಶಾಲೆಯ ಆಟದ ಹಾಲಿನಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತು, ರಸ್ತೆಗೆಷ್ಟು, ಶಾಲೆಗೆಷ್ಟು ಎಂದು ಜಗಳವಾಡಿ ಕೂಗಿ ಮತ ಹಾಕುವ ದಿನ. ಈ ವರ್ಷದ ಒಂಬತ್ತನೆಯ ವಿಷಯ ಕಾಬ್ ಹಳ್ಳವನ್ನು ದಾಟುವ ವ್ಯವಸ್ಥೆ. ಅಲ್ಲಿದ್ದ ಸೇತುವೆ ಹೋದ ಜುಲೈ ತಿಂಗಳ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಆರ್ಲೋನ ಮನೆ ಹಳ್ಳದ ಈಚೆ, ಅವನ ಮುನ್ನೂರು ಮೇಪಲ್ ಮರಗಳೂ ಅವುಗಳ ಸಿಹಿ ರಸವನ್ನು ಕಾಯಿಸಿ ಪಾಕ ಮಾಡುವ ಆಲೆಮನೆಯೂ ಆಚೆ. ಅಡುಗೆಮನೆಯ ಕಿಟಕಿಯಿಂದ ಮರಗಳನ್ನು ಎಣಿಸಬಹುದಿತ್ತು. ಹೋಗಿ ಮುಟ್ಟಬೇಕೆಂದರೆ ಕೆಸರಿನಲ್ಲಿ ಹದಿನಾಲ್ಕು ಮೈಲಿ ಸುತ್ತಬೇಕು. ರಸ ಇಳಿಯುವುದು ವರ್ಷಕ್ಕೆ ಐದೇ ವಾರ, ಅದು ಆಗಲೇ ಶುರುವಾಗಿತ್ತು. ಇವತ್ತು ಸೇತುವೆಗೆ ಮತ ಬಿದ್ದರೆ, ಗುತ್ತಿಗೆದಾರ ನಾಳೆಯೇ ತಾತ್ಕಾಲಿಕ ಹಲಗೆ ಹಾಕಿಕೊಡುವುದಾಗಿ ಮಾತು ಕೊಟ್ಟಿದ್ದ.

ಇಂಥ ದಿನ ಬೆಳಿಗ್ಗೆ ಮೇಕೆ ಸಾಕುವ ಡಾಟಿ ಲ್ಯಾಫಮ್ ಊರಿನ ಗ್ರೂಪಿನಲ್ಲಿ ಹೀಗೆ ಬರೆದಿದ್ದಳು: ‘ಹದಿನೆಂಟಡಿ ಹಳ್ಳಕ್ಕೆ ಸೇತುವೆ ಯಾಕಂತೆ? ಬೂಟು ಹಾಕ್ಕೊಂಡು ದಾಟಲಿ.’

ಆರ್ಲೋನ ಪಿತ್ತ ನೆತ್ತಿಗೇರಿತು. ‘ಸೇತುವೆ ಬೇಡ ಬಿಡಿ, ಒಂದು ದೋಣಿ ಇಡಿ. ದೋಣಿಗೊಬ್ಬ ಅಂಬಿಗ, ಅಂಬಿಗನ ತಲೆಗೊಂದು ಟೋಪಿ!’ ಎಂದು ಒತ್ತಿ ಕಳಿಸಿದ.

“ನಿಂಗ್ಯಾಕೆ ಬೇಕಿತ್ತು ಈ ಅಧಿಕಪ್ರಸಂಗ?” ಎಂದಳು ಹೆಂಡತಿ ವರ್ನಾ, ಸಭೆಯ ಊಟಕ್ಕೆಂದು ಮಾಡಿದ ಪೈಗೆ ಬಟ್ಟೆ ಮುಚ್ಚುತ್ತ.

“ತಮಾಷೆ ಕಣೇ. ತಮಾಷೆ ಅರ್ಥ ಆಗ್ದೇ ಇರೋಷ್ಟು ದಡ್ಡರಾ ಊರವರು?”

ಊರವರು ಅಷ್ಟು ದಡ್ಡರಲ್ಲ. ಆದರೆ ಆ ಗ್ರೂಪನ್ನು ಓದುತ್ತಿದ್ದವರು ಊರವರು ಮಾತ್ರವೇ ಅಲ್ಲ. ಊರಿಗೆ ‘ಹಾಲೋ ಲ್ಯಾಂಟರ್ನ್’ ಎಂಬ ಪತ್ರಿಕೆ ಇತ್ತು. ಕ್ಲಾರೆನ್ಸ್ ಟಟಲ್ ಎಂಬ ಮುದುಕ ನಲವತ್ತು ವರ್ಷ ಅದನ್ನು ನಡೆಸಿದ್ದ. ಸಾವಿನ ಸುದ್ದಿ ಹಾಕುವ ಮೊದಲು ಸತ್ತವನ ಮನೆಗೇ ಫೋನ್ ಮಾಡಿ, “ಖಂಡಿತಾ ಹೋಗಿದ್ದಾರಾ?” ಎಂದು ಕೇಳಿ ಬೈಸಿಕೊಳ್ಳುತ್ತಿದ್ದ ಮನುಷ್ಯ. ಅವನು ಹೋದ ಮೇಲೆ ದೂರದ ಯಾವುದೋ ರಾಜ್ಯದ ಕಂಪನಿಯೊಂದು ಪತ್ರಿಕೆಯನ್ನು ಕೊಂಡಿತು. ಅದರ ಹೊಟ್ಟೆಯಲ್ಲಿ ಆಗಲೇ ಇಂಥ ನೂರ ಹನ್ನೊಂದು ಪತ್ರಿಕೆಗಳಿದ್ದವು. ಕಚೇರಿಗೆ ಬೀಗ ಬಿತ್ತು, ವರದಿಗಾರ ಮನೆಗೆ ಹೋದ. ಈಗ ಎಲ್ಲೋ ಒಂದು ಕಂಪ್ಯೂಟರು ಊರಿನ ಗ್ರೂಪನ್ನು ಓದಿ ತಾನೇ ಸುದ್ದಿ ಬರೆದು ಊರಿನ ಫೋನುಗಳಿಗೆ ತಳ್ಳುತ್ತಿತ್ತು. ತಪ್ಪಾದರೆ ಬೈಸಿಕೊಳ್ಳುವುದಕ್ಕೆ ಮಾತ್ರ ಯಾರೂ ಇರಲಿಲ್ಲ.

ಒಂಬತ್ತು ಗಂಟೆಗೆ ಸಭೆಯ ಹಾಲಿನ ಬಾಗಿಲಲ್ಲೇ ನಾರ್ಮನ್ ಗುಡೆಲ್ ಆರ್ಲೋನ ತೋಳು ಹಿಡಿದ. ನಾರ್ಮನ್ ಊರಿನ ಆಡಳಿತ ಮಂಡಳಿಯ ಅಧ್ಯಕ್ಷ.

“ಆರ್ಲೋ, ಈ ದೋಣಿ ವಿಷಯ ನಿಂಗೆ ಗೊತ್ತಿತ್ತೇನಯ್ಯಾ? ಅಧ್ಯಕ್ಷ ಆಗಿ ನಂಗೇ ಗೊತ್ತಿಲ್ಲ, ಮರ್ಯಾದೆ ಹೋಯ್ತು!” ಎಂದು ಫೋನು ಚಾಚಿದ.

‘ಕಾಬ್ ಹಳ್ಳಕ್ಕೆ ದೋಣಿ ಸೇವೆ: ಪಾಟರ್ಸ್ ಹಾಲೋ ಗಂಭೀರ ಚಿಂತನೆ. ವಿಷಯ ಬಲ್ಲ ಮೂಲಗಳ ಪ್ರಕಾರ ಅಂಬಿಗನಿಗೆ ಟೋಪಿಯನ್ನೂ ಒದಗಿಸಲಾಗುವುದು.’

“ಆ ಮೂಲ ನಾನೇ ಮಾರಾಯಾ! ತಮಾಷೆಗೆ ಬರೆದಿದ್ದು!”

ನಾರ್ಮನ್ ಅವನನ್ನು ಮೇಲಿಂದ ಕೆಳಗೆ ನೋಡಿದ. “ಸುಮ್ನಿರು. ‘ವಿಷಯ ಬಲ್ಲ’ ಅಂತ ಹಾಕಿದಾರೆ. ನಿಂಗೇನು ವಿಷಯ ಗೊತ್ತು?”

ಆರ್ಲೋ ಶಾಲೆಯ ಕೋಟು ನೇತುಹಾಕುವ ಮೂಲೆಗೆ ಹೋಗಿ ಪತ್ರಿಕೆಗೆ ಫೋನು ಹಚ್ಚಿದ. ಚಂದಾದಾರರಾಗಲು ಒಂದನ್ನು ಒತ್ತಿ, ಜಾಹೀರಾತಿಗೆ ಎರಡನ್ನು ಒತ್ತಿ ಎಂದು ಒಂದು ಹೆಣ್ಣುದನಿ ಸಕ್ಕರೆಯಂತೆ ನುಡಿಯಿತು. ಒಂಬತ್ತರವರೆಗೂ ಒತ್ತಿದ ಮೇಲೆ, ನಿಮ್ಮ ಅಭಿಪ್ರಾಯವನ್ನು ಹೇಳಿ ಎಂದಿತು.

“ದೋಣಿ ಗೀಣಿ ಏನೂ ಇಲ್ಲ!” ಎಂದು ಆರ್ಲೋ ಅರಚಿದ. “ನಾನು ಆರ್ಲೋ ಪೆಲ್ಕಿ ಹೇಳ್ತಿದೀನಿ, ಶುದ್ಧ ಸುಳ್ಳು! ಆಗಸ್ಟಲ್ಲಿ ಆ ಹಳ್ಳದಲ್ಲಿ ಮೇಕೆ ಕಾಲೂ ನೆನೆಯಲ್ಲ, ದೋಣಿ ಎಲ್ಲಿ ಹೋಗುತ್ತೆ?”

ಒಳಗೆ ಸಭೆ ಮೂರನೆಯ ವಿಷಯವಾದ ಹಿಮ ತೆಗೆಯುವ ಲಾರಿಯ ಟೈರುಗಳ ಬಗ್ಗೆ ಕಚ್ಚಾಡುತ್ತಿದ್ದಾಗ ಎಲ್ಲರ ಜೇಬುಗಳೂ ಒಟ್ಟಿಗೆ ಕಿಣಿಕಿಣಿ ಎಂದವು. ‘ದೋಣಿ ಯೋಜನೆಗೆ ಪೆಲ್ಕಿ ತೀವ್ರ ವಿರೋಧ: ಮೇಕೆಗಳ ಓಡಾಟಕ್ಕೆ ಅಡ್ಡಿಯಾಗುವ ಆತಂಕ.’

ಊಟದ ಹೊತ್ತಿಗೆ ಡಾಟಿ, ತಟ್ಟೆಯಲ್ಲಿ ಬೇಯಿಸಿದ ಬೀನ್ಸು ರಾಶಿ ಹಾಕಿಕೊಂಡು, ನೇರ ಅವನ ಎದುರು ಬಂದು ನಿಂತಳು.

“ನನ್ನ ಮೇಕೆ ಸುದ್ದಿಗೆ ಯಾಕೆ ಬಂದೆ ನೀನು?”

“ನಾನೆಲ್ಲಿ ಬಂದೆ ತಾಯಿ? ಅದು...”

“ಊರಿಗೊಂದು ಒಳ್ಳೇದು ಆಗೋವಾಗ ನನ್ನ ಮೇಕೆಗಳನ್ನ ಅಡ್ಡ ಇಡ್ತೀಯಾ? ನನ್ನ ಮೇಕೆಗಳು ದೋಣಿ ಹತ್ತುತ್ವೆ, ಗೊತ್ತಾ? ನಿನಗಿಂತ ಮೊದಲು ಹತ್ತುತ್ವೆ!”

“ಬೆಳಿಗ್ಗೆ ನೀನೇ ಬೂಟು ಹಾಕ್ಕೊಂಡು ದಾಟಲಿ ಅಂದೆಯಲ್ಲೇ!”

“ಬೆಳಿಗ್ಗೆ ದೋಣಿ ವಿಷಯ ಯಾರಿಗೆ ಗೊತ್ತಿತ್ತು?” ಎಂದಳು ಡಾಟಿ.

ಅದೂ ನಿಜವೇ. ಅಷ್ಟರಲ್ಲಿ ಪತ್ರಿಕೆ ಜನಾಭಿಪ್ರಾಯವನ್ನೂ ಕೇಳಿ ಮುಗಿಸಿತ್ತು. ‘ನಿಮಗೆ ದೋಣಿ ಬೇಕೆ?’ ಎಂಬ ಪ್ರಶ್ನೆಗೆ ‘ಬೇಕು’, ‘ತುಂಬಾ ಬೇಕು’ ಎಂಬ ಎರಡೇ ಉತ್ತರಗಳಿದ್ದವು. ಆರುನೂರ ನಲವತ್ತು ಜನರ ಊರಿನಿಂದ ಎರಡು ಸಾವಿರದ ಮುನ್ನೂರು ಮತಗಳು ಬಿದ್ದಿದ್ದವು. ಇದು ಹೇಗೆ ಸಾಧ್ಯ ಎಂದು ಆರ್ಲೋ ಕೇಳಿದ್ದಕ್ಕೆ ನಾರ್ಮನ್, “ಹೊರಗಿನವರಿಗೂ ನಮ್ಮೂರ ಮೇಲೆ ಅಭಿಮಾನ ಇದೆ ಅಂತಾಯ್ತಲ್ಲ” ಎಂದು ಹ್ಯಾಮಿನ ಇನ್ನೊಂದು ತುಂಡು ಹಾಕಿಕೊಂಡ.

ಆರ್ಲೋನಿಗೆ ಅಳು ಬರುವಂತಾಯಿತು. ಹಲಗೆಯ ಸೇತುವೆ ನಾಳೆಯೇ ಬರಬೇಕಾಗಿತ್ತು, ಅದು ಕಣ್ಣೆದುರೇ ಬೀನ್ಸಿನ ಹಬೆಯಂತೆ ಕರಗುತ್ತಿತ್ತು. ಆಗ ವರ್ನಾ ಕನ್ನಡಕ ಏರಿಸಿ ಫೋನನ್ನು ಮೂಗಿಗೆ ಹತ್ತಿರ ಹಿಡಿದಳು. “ಇಲ್ನೋಡು. ಸುದ್ದಿ ಪಕ್ಕದಲ್ಲೇ ದೋಣಿ ಜಾಹೀರಾತು. ಕೆಳಗೆ ಇರುವೆ ಸಾಲಿನ ಥರ ಏನೋ ಬರೆದಿದೆ. ಪೇಪರ್ ಕಂಪನೀನೂ ಇದೇ ಅಂತೆ, ದೋಣಿ ಕಾರ್ಖಾನೇನೂ ಇದೇ ಅಂತೆ!”

ಆರ್ಲೋ ಅವಳನ್ನು ತಬ್ಬಿಕೊಳ್ಳುವುದೊಂದು ಬಾಕಿ. ಕಳ್ಳ ಸಿಕ್ಕಿಬಿದ್ದಿದ್ದ.

ಒಂದೂವರೆಗೆ ಒಂಬತ್ತನೆಯ ವಿಷಯ ಬಂತು. ಸಭೆ ನಡೆಸುತ್ತಿದ್ದವರು ಎಂಬತ್ತೊಂದರ ಹೆಸ್ಟರ್ ಬ್ಲಾಜೆಟ್ ಮೇಡಂ. ಆ ಹಾಲಿನಲ್ಲಿ ಕೂತ ಮುಕ್ಕಾಲು ಪಾಲು ಜನ ಅವರ ಕೈಲಿ ಮಗ್ಗಿ ಕಲಿತವರು. ಸೇತುವೆಯ ಬದಲು ದೋಣಿ ಎಂದು ಡಾಟಿ ತಿದ್ದುಪಡಿ ಮಂಡಿಸಿದಳು. ಆರ್ಲೋ ಎದ್ದು ನಿಂತು ಜಾಹೀರಾತಿನ ಗುಟ್ಟನ್ನು ಬಿಚ್ಚಿಟ್ಟ. “ದೋಣಿ ಮಾರೋರೇ ದೋಣಿ ಸುದ್ದಿ ಬರೀತಿದಾರೆ ಸ್ವಾಮೀ, ಇಷ್ಟೂ ತಿಳಿಯಲ್ವಾ?”

ನಾರ್ಮನ್ ನಿಧಾನವಾಗಿ ಎದ್ದ.

“ಅಲ್ಲಯ್ಯಾ, ದೋಣಿ ಮಾಡೋರಿಗೇ ಅಲ್ವಾ ದೋಣಿ ವಿಷಯ ಚೆನ್ನಾಗಿ ಗೊತ್ತಿರೋದು? ಮತ್ತೇನು ಬೇಕರಿಯವರು ಬರೀಬೇಕಿತ್ತಾ?”

ಚಪ್ಪಾಳೆ ಬಿತ್ತು. ಆರ್ಲೋನ ಬಳಿ ಇನ್ನು ಒಂದೇ ಅಸ್ತ್ರ ಉಳಿದಿತ್ತು. ಫೋನನ್ನು ಎತ್ತಿ ಹಿಡಿದು, ಬೆಳಗಿನ ತನ್ನ ಸಾಲನ್ನು ಟೋಪಿಸಮೇತ ಗಟ್ಟಿಯಾಗಿ ಓದಿದ.

“ಏಳು ಹನ್ನೆರಡಕ್ಕೆ ನಾನು ಬರೆದೆ. ಏಳು ನಲವತ್ತಕ್ಕೆ ಪೇಪರು ಕದ್ದು ಹಾಕ್ತು. ಅದಕ್ಕೆ ಮುಂಚೆ ಈ ಪ್ರಪಂಚದಲ್ಲಿ ಒಬ್ಬರ ಬಾಯಲ್ಲೂ ದೋಣಿ ಅನ್ನೋ ಮಾತಿರಲಿಲ್ಲ. ಈ ದೋಣಿ ಹುಟ್ಟಿದ್ದೇ ನನ್ನ ಹೆಬ್ಬೆರಳಲ್ಲಿ! ಬೇಕಾದ್ರೆ ಮೇಡಮ್ಮೇ ನೋಡ್ಲಿ!”

ಬ್ಲಾಜೆಟ್ ಮೇಡಂ ಕೋಲೂರಿಕೊಂಡು ಇಳಿದು ಬಂದರು. ಫೋನನ್ನು ಮನೆಗೆಲಸದ ಪುಸ್ತಕ ತಿದ್ದುವವರ ಹಾಗೆ ಹಿಂದೆ ಮುಂದೆ ನೋಡಿದರು. “ನಿಜ. ಏಳು ಹನ್ನೆರಡು. ಬರೆದವನು ಪೆಲ್ಕಿಯೇ” ಎಂದು ಸಭೆಗೆ ಸಾರಿದರು. ಗೆದ್ದೆ ಎಂದು ಆರ್ಲೋ ಉಸಿರು ಬಿಟ್ಟ.

ಮೊದಲು ಎದ್ದವಳು ಡಾಟಿ. ಅವಳ ಕಣ್ಣಲ್ಲಿ ನೀರಿತ್ತು. “ಆರ್ಲೋ! ನಿನ್ನ ಯೋಚನೆನಾ ಇದು? ಬೆಳಿಗ್ಗೆಯಿಂದ ಒಬ್ಬನೇ ಒಳಗಿಟ್ಕೊಂಡು... ಎಂಥಾ ವಿನಯ ಮಾರಾಯಾ ನಿಂದು!” ಅವಳ ಹಿಂದೆ ಇನ್ನೂರು ಕಬ್ಬಿಣದ ಕುರ್ಚಿಗಳು ಕಿರುಗುಟ್ಟಿದವು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆರ್ಲೋ ಬೇಡ ಬೇಡ ಎಂದು ಕೈ ಬೀಸಿದಷ್ಟೂ ಚಪ್ಪಾಳೆ ಹೆಚ್ಚಾಯಿತು.

ಹೌದು ಎನ್ನುವವರು ಕೂಗಿದಾಗ ಬಾಸ್ಕೆಟ್‌ಬಾಲ್ ಬಲೆ ಅಲ್ಲಾಡಿತು. ಅಲ್ಲ ಎಂದವರು ಆರ್ಲೋ ಮತ್ತು ವರ್ನಾ ಇಬ್ಬರೇ. ಮುಂದಿನ ಕೆಲಸ ಅಂಬಿಗನ ಆಯ್ಕೆ. ಸಂಬಳವಿಲ್ಲದ ಹುದ್ದೆಗೆ ಒಬ್ಬರನ್ನು ಕೂತಲ್ಲೇ ಹೆಸರು ಕೂಗಿ ಆರಿಸುವುದು ಆ ಊರಿನ ಹಳೆಯ ಪದ್ಧತಿ. ಹೆಸರು ಬಂದ ಮೇಲೆ ಒಲ್ಲೆ ಎಂದವರು ಇನ್ನೂರು ವರ್ಷಗಳಲ್ಲಿ ಇಲ್ಲ. ಇವತ್ತು ಕೂಗಿದ ಹೆಸರೂ ಒಂದೇ.

ಮೇಡಂ 1809ನೆಯ ಇಸವಿಯ ಊರ ದಫ್ತರ ತೆಗೆದು ಧೂಳು ಊದಿ, ಆ ಕಾಲದಲ್ಲಿ ನದಿಗಿದ್ದ ದೋಣಿಕಟ್ಟೆಯ ನಿಯಮ ಓದಿದರು. “ಅಂಬಿಗನು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದಡದಲ್ಲಿಯೇ ಇರತಕ್ಕದ್ದು. ಸ್ವಂತ ಕೆಲಸಕ್ಕಾಗಿ ದಡ ಬಿಟ್ಟು ಕದಲಕೂಡದು.”

“ಮೇಡಂ, ನನ್ನ ಮರಗಳು ಆಚೆ ದಡದಲ್ಲಿವೆ! ರಸ ಇಳೀತಿದೆ! ನಾನು ಹೋಗೋದು ಯಾವಾಗ?”

“ಬೇರೆಯವರು ಹೋಗ್ತಾರಪ್ಪ. ದೋಣಿ ಇರೋದೇ ಅದಕ್ಕಲ್ವಾ?” ಎಂದರು ಮೇಡಂ. “ಬಲಗೈ ಎತ್ತು, ಪ್ರಮಾಣ ಮಾಡು. ಆಮೇಲೆ ಕೂತ್ಕೋ.”

ಮೂರನೇ ಕ್ಲಾಸಿನಿಂದಲೂ ಆ ದನಿಗೆ ಆರ್ಲೋ ಎದುರಾಡಿದವನಲ್ಲ. ಬಲಗೈ ಎತ್ತಿದ. ಕಂಪನಿಯ ದೋಣಿ ಬರುವ ತನಕ ಇರಲಿ ಎಂದು ನಾರ್ಮನ್ ತನ್ನ ಬಾತುಕೋಳಿ ಬೇಟೆಯ ಹಳೆಯ ದೋಣಿಯನ್ನು ದಾನ ಮಾಡಿದ. ಯಾರೋ ಬ್ಯಾಂಡಿನವರ ಪೆಟ್ಟಿಗೆಯಿಂದ ಚಿನ್ನದ ಗುಂಡಿಯ ಟೋಪಿಯೊಂದನ್ನು ತಂದು ಆರ್ಲೋನ ತಲೆಗೆ ಇಟ್ಟರು. ಅದು ಕಿವಿಯವರೆಗೂ ಇಳಿಯಿತು.

ಮನೆಗೆ ಬಂದಾಗ ನಾಲ್ಕೂವರೆ. ಆರ್ಲೋ ಟೋಪಿ ತೆಗೆಯುವುದನ್ನೂ ಮರೆತು ಅಡುಗೆಮನೆಯ ಕಿಟಕಿಯ ಮುಂದೆ ಕೂತ. ಹಳ್ಳದಾಚೆ ಮೇಪಲ್ ಮರಗಳು ಸಂಜೆ ಬಿಸಿಲಿಗೆ ಹೊಳೆಯುತ್ತಿದ್ದವು. ಫೋನಿನಲ್ಲಿ ‘ದೋಣಿಯ ಜನಕನೊಂದಿಗೆ ಮನಬಿಚ್ಚಿದ ಮಾತು’ ಎಂಬ ಸುದ್ದಿ ಬಂದಿತ್ತು. ತಾನು ಏನು ಹೇಳಿದೆ ಎಂದು ನೋಡಲು ಒತ್ತಿದರೆ, ಮುಂದೆ ಓದಲು ಚಂದಾದಾರರಾಗಿ ಎಂದಿತು.

ಬೆಳಗಿನ ಸಿಟ್ಟು ಮತ್ತೆ ನೆತ್ತಿಗೆ ಬಂತು. ಗ್ರೂಪು ತೆರೆದ. ‘ಅದೊಂದು ಯಾಕೆ ಬಾಕಿ? ಹಳ್ಳದ ದಡದಲ್ಲಿ ಒಂದು ಲೈಟ್‌ಹೌಸೂ ಕಟ್ಟಿಸಿಬಿಡಿ!’

ಪಾತ್ರೆ ತೊಳೆಯುತ್ತಿದ್ದ ವರ್ನಾಗೆ ಫೋನಿನ ಸದ್ದು ಕೇಳಿಸಿತು. “ಆರ್ಲೋ! ಏನ್ ಕಳಿಸ್ದೆ?”

ಅವನಿಗೆ ಜೀವ ಬಾಯಿಗೆ ಬಂತು. ಥಟ್ಟನೆ ಅದನ್ನು ಅಳಿಸಿದ. ಅಳಿಸಿದ್ದು ನಿಜವೇ ಎಂದು ಇಬ್ಬರೂ ತಲೆಗೆ ತಲೆ ತಾಗಿಸಿ ಎರಡೆರಡು ಸಲ ನೋಡಿದರು. ಇರಲಿಲ್ಲ. ಅರ್ಧ ನಿಮಿಷವೂ ಆಗಿರಲಿಲ್ಲ, ಯಾರು ನೋಡಿರುತ್ತಾರೆ ಎಂದು ವರ್ನಾ ಕಾಫಿಗೆ ನೀರಿಟ್ಟಳು.

ನೀರು ಕುದಿಯುವ ಮೊದಲೇ ಫೋನು ಹೊಡೆದುಕೊಂಡಿತು. ನಾರ್ಮನ್.

“ಆರ್ಲೋ, ಈಗ ತಾನೇ ಪೇಪರಲ್ಲಿ ಓದ್ದೆ. ಭೇಷ್ ಕಣಯ್ಯಾ! ಒಂದೇ ಒಂದು ವಿಷಯ. ಲೈಟ್‌ಹೌಸು ಸರಿಯಾಗಿ ನಿಮ್ಮ ಅಡುಗೆಮನೆ ಕಿಟಕಿ ಎದುರಿಗೇ ಬರುತ್ತಂತೆ. ಆಚೆ ಕಡೆದು ಏನೂ ಕಾಣಿಸಲ್ಲ. ನಿಮ್ಗೇನು ತೊಂದ್ರೆ ಇಲ್ಲ ತಾನೆ?”