ಮಂಜುನಾಥಪ್ಪನ ಅಂಚೆ ಡಾಕ್ಟರಿಕೆ

ರಿಪ್ಪನ್‌ಪೇಟೆಯ ಜವಳಿ ಅಂಗಡಿಯಲ್ಲಿ ಊರವರ ಪಂಚೆ, ಲಂಗಗಳನ್ನು ಅಳೆದೂ ಅಳೆದೂ ಮಂಜುನಾಥಪ್ಪನಿಗೆ ಬದುಕೇ ಸಾಕಾಗಿತ್ತು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ಮರುವರ್ಷ ಪತ್ರಿಕೆಯೊಂದರಲ್ಲಿ ಅವನ ಭಾಗ್ಯದ ಬಾಗಿಲು ತೆರೆಯಿತು: ಮನೆಯಲ್ಲೇ ಕುಳಿತು ಜಾನುವಾರು ಆರೈಕೆ ಕಲಿಯಬಹುದಂತೆ, ಪಾಠಗಳು ಅಂಚೆಯಲ್ಲೇ ಬರುತ್ತವಂತೆ. ಅಂದೇ ಸೇರಿಬಿಟ್ಟ.

ಮೊದಲ ಪಾಠ ಬಂದ ದಿನ ಊಟ ಬಿಟ್ಟು ಓದಿದ. ಎರಡನೆಯದಕ್ಕೆ ಅವನ ನಡಿಗೆಯೇ ಬದಲಾಯಿತು. ಮೂರನೆಯದು ಬಂದ ಮೇಲೆ ದಾರಿಯಲ್ಲಿ ಸಿಕ್ಕ ಎಮ್ಮೆಗಳ ರೆಪ್ಪೆ ಎತ್ತಿ ಪರೀಕ್ಷೆ ಮಾಡತೊಡಗಿದ (ಎಮ್ಮೆಗಳು ಸಹಿಸಿಕೊಂಡವು, ಎಮ್ಮೆಯ ಯಜಮಾನರು ಸಹಿಸಲಿಲ್ಲ). ನಾಲ್ಕನೆಯದನ್ನು ಓದಿ ಮುಗಿಸಿದವನೇ ಅಂಗಡಿ ಸಾಹುಕಾರರ ಬಳಿ ಹೋಗಿ, ಬರುವ ತಿಂಗಳಿಂದ ಬೇರೆಯವರನ್ನು ನೋಡಿಕೊಳ್ಳಿ, ನಾನು ವೈದ್ಯವೃತ್ತಿಗೆ ಇಳಿಯುತ್ತಿದ್ದೇನೆ ಎಂದು ಹೇಳಿ ಬಂದ.

ಸುದ್ದಿ ಕೇಳಿದ ಹೆಂಡತಿ ಜಲಜಮ್ಮ ಒಲೆಯ ಮುಂದಿನಿಂದ ಎದ್ದೇ ಬಂದಳು.

“ಕೆಲ್ಸ ಬಿಟ್ರಾ? ಒಂದು ಕೋಳಿಗಾದ್ರೂ ಔಷಧಿ ಹಾಕಿದೀರಾ ಇಲ್ಲಿವರೆಗೆ?”

“ಕೋಳಿ ಯಾಕೆ, ನಮ್ಮ ಗೌರಿ ಇಲ್ವಾ? ಅದ್ರ ಕುತ್ತಿಗೆ ಹುಣ್ಣು ವಾಸಿ ಮಾಡಿ ತೋರಿಸ್ತೀನಿ.”

ಗೌರಿ ಮನೆಯ ಹಸು. ಹುಣ್ಣು ವಾಸಿಯಾಗದಿದ್ದರೆ ಸಾಹುಕಾರರ ಕಾಲು ಹಿಡಿದು ಮತ್ತೆ ಅಂಗಡಿ ಸೇರಬೇಕೆಂದು ಜಲಜಮ್ಮ ಕರಾರು ಹಾಕಿದಳು. ಮಂಜುನಾಥಪ್ಪ ಮಹಾವೈದ್ಯನ ಗತ್ತಿನಲ್ಲಿ ಒಪ್ಪಿದ. ಹುಣ್ಣಿಗೆ ಬೇವಿನೆಣ್ಣೆ, ಕರ್ಪೂರ ಹಚ್ಚಿದ. ಉಜ್ಜುವ ವಸ್ತುವನ್ನು ಮೊದಲು ತೆಗೆಯಬೇಕೆಂದು ಪಾಠ ಹೇಳಿತ್ತು. ಉಜ್ಜುತ್ತಿದ್ದದ್ದು ಮರದ ಗಂಟೆ. ಬಿಚ್ಚಿ ಗೂಟಕ್ಕೆ ನೇತುಹಾಕಿ, ಗೌರಿಯನ್ನು ಎಂದಿನಂತೆ ಕಾಡಿಗೆ ಮೇಯಲು ಅಟ್ಟಿದ. ದಾರಿ ತಪ್ಪಿದರೆ ಸದ್ದು ಹಿಡಿದು ಹುಡುಕಲಾಗದೆಂದು ಗಂಟೆಯಿಲ್ಲದ ದನವನ್ನು ಆ ಸೀಮೆಯಲ್ಲಿ ಯಾರೂ ಕಾಡಿಗೆ ಬಿಡುವುದಿಲ್ಲ. ಪಾಠ ಬರೆದವರಿಗೆ ಕಾಡಿನ ಸುದ್ದಿ ಗೊತ್ತಿರಲಿಲ್ಲ, ಮಂಜುನಾಥಪ್ಪನಿಗೆ ಆ ಹೊತ್ತಿನಲ್ಲಿ ಪಾಠ ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಸಂಜೆ ಊರಿನ ದನಗಳೆಲ್ಲ ಬಂದವು, ಗೌರಿ ಬರಲಿಲ್ಲ. ಕೊಟ್ಟಿಗೆಯಲ್ಲಿ ಕರು ಕೂಗಿದಂತೆಲ್ಲ ಅವನು ಬೀದಿಗೆ ಹೋಗಿ ಇಣುಕಿ ಬಂದ. ಹಸುವೂ ಹೋಗಿ, ಹುದ್ದೆಯೂ ಹೋಗಿ, ಊರಲ್ಲಿ ಮುಖ ಎತ್ತುವುದು ಹೇಗೆ? ತನ್ನ ಗಂಟೆಯ ಸದ್ದಿಗೆ ಗೌರಿ ಬಂದೇ ಬರುತ್ತದೆಂದು ಹೊಳೆಯಿತು. ಗಂಟೆ ತೆಗೆದುಕೊಂಡು ಹುಂಚದ ದಾರಿಯ ಕಾಡಿಗೆ ಓಡಿದ. ಮುಳ್ಳು ಸರಿಸಲು ಎರಡೂ ಕೈ ಬೇಕಾಯಿತು, ಗಂಟೆಯನ್ನು ಕೊರಳಿಗೇ ಕಟ್ಟಿಕೊಂಡ. ಹಾಗೇ ಹುಡುಕುತ್ತ ಹುಡುಕುತ್ತ ಕಾಡಂಚಿನ ರೈತ ದುಗ್ಗಪ್ಪನ ಗದ್ದೆಗೆ ಇಳಿದ.

ತೆನೆ ತುಂಬಿದ ಗದ್ದೆಯನ್ನು ಕಾಯುತ್ತ ಕುಳಿತಿದ್ದ ದುಗ್ಗಪ್ಪನಿಗೆ ಮುಸ್ಸಂಜೆಯಲ್ಲಿ ಕೇಳಿಸಿದ್ದು ಗಂಟೆಯ ಸದ್ದು, ಕಾಣಿಸಿದ್ದು ಅಲುಗಾಡುವ ಭತ್ತ. ಇನ್ನೇನು ಯೋಚನೆ? ಬಡಿಗೆ ಬೀಸಿ ಎಸೆದ. ಅದು ಮಂಜುನಾಥಪ್ಪನ ಸೊಂಟಕ್ಕೇ ಬಂದು ಬಿತ್ತು.

“ಯಾರದ್ದೋ ಇದು ಕಳ್ಳದನ?”

“ದನ ಅಲ್ಲ ಕಣೋ,” ಎಂದು ಭತ್ತದೊಳಗಿಂದ ನರಳುವ ದನಿ ಬಂತು, “ಡಾಕ್ಟ್ರು.”

ದುಗ್ಗಪ್ಪ ಹೆಗಲು ಕೊಟ್ಟು ಮನೆಗೆ ಕರೆತಂದಾಗ ಗೌರಿ ಕೊಟ್ಟಿಗೆಯಲ್ಲಿ ನೆಮ್ಮದಿಯಾಗಿ ಕರುವಿಗೆ ಹಾಲೂಡುತ್ತಿತ್ತು. ಅದಕ್ಕೆ ಮನೆಯ ದಾರಿ ತಿಳಿದೇ ಇತ್ತು, ಸ್ವಲ್ಪ ತಡವಾಗಿತ್ತು ಅಷ್ಟೆ.

ಮಾಡಿದ ತಪ್ಪಿಗೆ ಪರಿಹಾರವೆಂಬಂತೆ ದುಗ್ಗಪ್ಪ ಮರುದಿನವೇ ಗೊರಸಿಗೆ ಹುಳ ಬಿದ್ದ ತನ್ನ ಎಮ್ಮೆಯನ್ನು ಹೊಡೆದುಕೊಂಡು ಬಂದ. ಮೊದಲನೆಯ ರೋಗಿ! ಮಂಜುನಾಥಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು, ಆದರೆ ಹಾಸಿಗೆಯಿಂದ ಏಳಲು ಸೊಂಟ ಬಿಡಲಿಲ್ಲ. ಬೋರಲು ಮಲಗಿಯೇ ಕಿಟಕಿಯಿಂದ, ಆಗಷ್ಟೇ ಅಂಚೆಯಲ್ಲಿ ಬಂದಿದ್ದ ಗೊರಸಿನ ಐದನೆಯ ಪಾಠವನ್ನು ಗಟ್ಟಿಯಾಗಿ ಓದಿದ. ಅಂಗಳದಲ್ಲಿ ಜಲಜಮ್ಮ ಗೊಣಗುತ್ತ ಗೊರಸು ತೊಳೆದು, ಹುಳ ತೆಗೆದು, ಎಣ್ಣೆ ಹಾಕಿ, ಬಟ್ಟೆ ಕಟ್ಟಿದಳು. ಎಮ್ಮೆ ಅವಳ ಕೈಗೆ ತುಟಿಪಿಟಕ್ಕೆನ್ನದೆ ಕಾಲು ಕೊಟ್ಟಿತು. ವಾರದಲ್ಲಿ ಸಲೀಸಾಗಿ ನಡೆಯಿತು. ಗೌರಿಯ ಕುತ್ತಿಗೆಯೂ ವಾಸಿಯಾಯಿತು. ಗೆದ್ದೆ ಎಂದು ಮಂಜುನಾಥಪ್ಪ ಹಿಗ್ಗಿದ.

ದುಗ್ಗಪ್ಪ ಸಂತೆಯಲ್ಲಿ ಕಂಡಕಂಡವರಿಗೆ ಹೇಳಿದ. ಹೊಸನಗರದ ಕಡೆಯಿಂದಲೂ ಜನ ದನ ಹೊಡೆದುಕೊಂಡು ಬಂದರು. ಸೊಂಟ ನೆಟ್ಟಗಾದ ಮಂಜುನಾಥಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಳಕ್ಕೆ ಇಳಿದು, ಏನು ತೊಂದರೆ ಎಂದು ಗಂಭೀರವಾಗಿ ಕೇಳಿದ. ಹಸು ಹಿಡಿದು ಮುಂದೆ ನಿಂತಿದ್ದ ಹಾಲಮ್ಮನೆಂಬಾಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಸುವಿನ ಹಗ್ಗವನ್ನು ಅವನ ಕೈಗಿತ್ತಳು.

“ಇದನ್ನ ಸ್ವಲ್ಪ ಹಿಡ್ಕೊಳ್ಳಿ ಮಾರಾಯ್ರೆ. ಡಾಕ್ಟ್ರಮ್ಮ ಒಳಗಿದಾರಾ?”