ಹಲ್ಲಿನಲ್ಲಿ ಕಿವಿಯಿರುವ ಮಾವ

ನಮ್ಮ ಮಾವನ ಕಿವಿ ಇರುವುದು ಹಲ್ಲಿನಲ್ಲಿ. ನಂಬುವುದಿಲ್ಲವೇ? ಅವನ ಊರು ಮಂಕಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಬೈಕಿನ ಇಂಜಿನ್ ಶುರು ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ ಕುಕ್ಕರುಗಾಲಿನಲ್ಲಿ ಕೂತ ಮಾವನನ್ನು ಊರೆಲ್ಲ ನೋಡಿದೆ. ಒಳಗೆ ಎಲ್ಲಿ ಏನು ಸವೆದಿದೆ ಎಂಬ ಸುದ್ದಿ ಹಲ್ಲಿನ ಮೂಲಕ ನೇರವಾಗಿ ತಲೆಗೆ ಹೋಗುತ್ತದಂತೆ! ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಇದನ್ನು ಕಂಡು ಗಾಬರಿಯಾಗಿ, "ಇವ್ರು ಎಂತಕೆ ಕಬ್ಬಿಣ ತಿನ್ನೂದು?" ಎಂದು ಮಾವನ ಹೆಂಡತಿಯನ್ನು, ಅಂದರೆ ನಮ್ಮ ಅತ್ತೆಯನ್ನು, ಕೇಳಿದ್ದಳು. "ಮನೆ ಊಟ ಸಪ್ಪೆ ಅಂತೆ" ಎಂದಳು ಅತ್ತೆ.

ಮಾವನೆಂದರೆ ನನ್ನ ಅಮ್ಮನ ತಮ್ಮ. ಲೈನ್‌ಮನ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಅವನ ಪಾಲಿಗೆ ಬಂದದ್ದೆಲ್ಲ ಗುಡ್ಡದ ಮೇಲಿನ ಕೇರಿಗಳು, ಟಾರು ಕಾಣದ ದಾರಿಗಳು. ಅದಕ್ಕೆಂದೇ ಒಂದು ಹಳೆಯ ಟೂ-ಸ್ಟ್ರೋಕ್ ಬೈಕು ಕೊಂಡು, ಮುಂದಿನ ಮಡ್‌ಗಾರ್ಡನ್ನು ಮೇಲಕ್ಕೆತ್ತಿ, ಸೈಲೆನ್ಸರನ್ನು ಸೀಟಿನ ಎತ್ತರಕ್ಕೆ ತಿರುಗಿಸಿ, ಮುಳ್ಳುಹಲಸಿನ ಕಾಯಿಯಂಥ ಟೈರು ಹಾಕಿಸಿದ. ಈಗಿನ ಹುಡುಗರು ಲಕ್ಷಗಟ್ಟಲೆ ಸುರಿದು ತರುವ ಡರ್ಟ್ ಬೈಕನ್ನು ಮಾವ ನಾನು ಲಂಗ ಹಾಕುತ್ತಿದ್ದ ಕಾಲದಲ್ಲೇ ತಯಾರಿಸಿಬಿಟ್ಟಿದ್ದ! ಅತ್ತೆ ಮಾತ್ರ ಅದನ್ನು 'ಶನಿ' ಎಂದೇ ಕರೆಯುತ್ತಿದ್ದಳು.

ರಜೆಯಲ್ಲಿ ಕುಮಟೆಯಿಂದ ನಾನು ಮತ್ತು ಅಕ್ಕ ಮಂಕಿಗೆ ಹೋದರೆ, ಅಂಗಳದಲ್ಲಿ ಗೋಣಿಚೀಲದ ಮೇಲೆ ಇಂಜಿನ್ನು ಬಿಚ್ಚಿಕೊಂಡು ಮಲಗಿರುತ್ತಿತ್ತು. ನಟ್ಟು ಬೋಲ್ಟುಗಳನ್ನು ಮಾವ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದ. ಆ ಸಾಲನ್ನು ಯಾರೂ ದಾಟುವಂತಿಲ್ಲ. ಕೋಳಿ ದಾಟಿದರೆ ಕೋಳಿಗೂ ಬೈಗುಳ! ಸವೆದ ಪಿಸ್ಟನ್ನು ಪೆನ್ನಿಡುವ ಡಬ್ಬಿಯಾಗುತ್ತಿತ್ತು, ಅದರ ರಿಂಗುಗಳು ನಮ್ಮ ಗೊಂಬೆಗಳ ಬಳೆಯಾಗುತ್ತಿದ್ದವು. ಅಷ್ಟು ಗಟ್ಟಿ ಬಳೆ ತೊಟ್ಟ ಗೊಂಬೆಗಳು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ಆ ವಾಸನೆಗೆ ಪಾಠ ಮರೆತು, ಮಾವ ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯುತ್ತಿದ್ದ ಆ ಅಂಗಳಕ್ಕೆ ಹೋಗಿಬಿಡುತ್ತೇನೆ. ಮಕ್ಕಳು "ಟೀಚರ್, ಟೀಚರ್" ಎಂದು ಕೂಗಿ ಕರೆತರಬೇಕು.

ನಿಜವಾದ ಕಿವಿ ಮಾವನಿಗೆ ಕೈಕೊಡಲು ಶುರುವಾಗಿ ಎಷ್ಟೋ ವರ್ಷವಾಯಿತು. ಒಪ್ಪಿಕೊಂಡನೇ? ಉಹೂಂ! ಯಾರು ಏನೇ ಕೇಳಿದರೂ ತಲೆಯಾಡಿಸಿ "ಹೌದು ಹೌದು" ಎನ್ನುವ ಉಪಾಯ ಕಂಡುಕೊಂಡ. ಒಮ್ಮೆ ಮೀನಿನವಳು "ಬಂಗಡೆ ಹಾಕೂದಾ, ತಾರ್ಲೆ ಹಾಕೂದಾ?" ಎಂದು ಕೇಳಿದಳು. "ಹೌದು ಹೌದು" ಎಂದ. ಎರಡು ಬುಟ್ಟಿಯೂ ಖಾಲಿಯಾಗಿ, ಆ ವಾರ ಕೇರಿಯ ಬೆಕ್ಕುಗಳೆಲ್ಲ ನಡೆಯಲಾರದೆ ಮಲಗಿದವು. ಆದರೂ ಹಲ್ಲಿತ್ತಲ್ಲ, ಬೈಕಿನ ಮಟ್ಟಿಗೆ ಚಿಂತೆ ಇರಲಿಲ್ಲ. ಹೋದ ವರ್ಷ ಆ ಹಲ್ಲುಗಳನ್ನೂ ಕೀಳಿಸಿ ಹೊಸ ಸೆಟ್ ಕೂರಿಸಬೇಕಾಯಿತು. ಕಟ್ಟಿಸಿದ ಹಲ್ಲಿನಲ್ಲಿ ಸ್ಕ್ರೂಡ್ರೈವರ್ ಕಚ್ಚಿದರೆ ಸೆಟ್ಟೇ ಕಳಚಿ ಬಂತೇ ಹೊರತು ಸುದ್ದಿ ಬರಲಿಲ್ಲ. ಹಲ್ಲು ಹೋದರೆ ಬೇರೆಯವರಿಗೆ ಚಕ್ಕುಲಿ ತಪ್ಪುತ್ತದೆ, ಮಾವನಿಗೆ ಕಿವಿಯೇ ಹೋಯಿತು!

ಕಳೆದ ತಿಂಗಳು ಹೈವೇಯಲ್ಲಿ ಲಾರಿಯೊಂದು ಮಾವನ ಬೈಕಿನ ಹಿಂದಿನಿಂದ ಹಾರ್ನ್ ಹಾಕಿ ಹಾಕಿ ಸೋತಿತು. ಕೊನೆಗೆ ಡ್ರೈವರ್ ಪಕ್ಕಕ್ಕೆ ಬಂದು ಬಾಯಿಗೆ ಬಂದಂತೆ ಬೈದ. ಮಾವ ಕೈಬೀಸಿ "ಹೌದು ಹೌದು" ಎಂದನಂತೆ. ಸುದ್ದಿ ಅತ್ತೆಗೆ ತಲುಪಿತು. ಅದೇ ವಾರ ಬೈಕು ಹೊಗೆಯುಗುಳಿ ನಿಂತಿತು. ಪಿಸ್ಟನ್, ರಿಂಗ್ ಎರಡೂ ಹೋಗಿದ್ದವು. "ದೇವ್ರೇ ನಿಲ್ಸಿದ" ಎಂದ ಅತ್ತೆ ಸೋಮವಾರ ಬರುವಂತೆ ಗುಜರಿಯವನಿಗೆ ಹೇಳಿಕಳಿಸಿದಳು.

ಸುದ್ದಿ ಕೇಳಿ ನಾನು ಮಂಕಿಗೆ ಹೋದ ದಿನ ಮಾವ ತಟ್ಟೆಯಲ್ಲಿದ್ದ ಮೀನು ಮುಟ್ಟಲಿಲ್ಲ. ಮೀನು ಮುಟ್ಟದ ಮಾವನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕೆಲಸ ಹೋಯಿತು, ಕಿವಿ ಹೋಯಿತು, ಹಲ್ಲು ಹೋಯಿತು, ಉಳಿದದ್ದು ಅದೊಂದು ಬೈಕು.

ಊಟ ಮುಗಿಸಿ ಎದ್ದವನೇ, "ಭಾನುವಾರ ನಾನೇ ಪಿಸ್ಟನ್ ಹಾಕ್ತೆ. ಶಬ್ದ ಮೊದಲಿನ ಹಂಗೇ ಬಂದ್ರೆ ಬೈಕ್ ಇರೂದು. ಇಲ್ದಿದ್ರೆ ಗುಜರಿಗೆ ಕೊಡು" ಎಂದ.

"ಮೊದಲಿನ ಹಂಗೇ ಅದೆ ಅಂತ ಹೇಳೂದು ಯಾರು?" ಅತ್ತೆ ಕಿವಿಯ ಹತ್ತಿರ ಬಂದು ಕೂಗಿದಳು.

"ನೀನೇ ಹೇಳು ಮಾರಾಯ್ತಿ!"

ಮಾತಿನ ಭರದಲ್ಲಿ ಎಂಥ ಎಡವಟ್ಟು ನೋಡಿ! ಫಿರ್ಯಾದಿಯನ್ನೇ ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿಬಿಟ್ಟ.

ಶನಿವಾರ ನನ್ನ ಸ್ಕೂಟರಿನಲ್ಲಿ ಭಟ್ಕಳಕ್ಕೆ ಹೋದೆವು. ಬಿಡಿಭಾಗದ ಅಂಗಡಿಯ ಭಾಯಿ ಮಾವನ ಹಳೇ ದೋಸ್ತಿ. "ಲೈನ್‌ಮನ್ ಸಾಬ್, ಆ ಗಾಡಿ ಇನ್ನೂ ಜೀವಂತ ಉಂಟಾ?" ಎಂದರು. "ಹೌದು ಹೌದು" ಎಂದ ಮಾವ. ಈ ವರ್ಷದಲ್ಲಿ ಅವನ ಉತ್ತರ ಪ್ರಶ್ನೆಗೆ ಸರಿಹೊಂದಿದ್ದು ಅದೊಂದೇ ಸಲ. ಭಾಯಿ ಅಟ್ಟ ಹತ್ತಿ, ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದರು. ಪಿಸ್ಟನ್ನು, ಎರಡು ರಿಂಗು, ಪಿನ್ನು, ಜೊತೆಗೆ ಕಾಗದದ ಪೊಟ್ಟಣದಲ್ಲಿ ಉಂಗುರದಷ್ಟು ದೊಡ್ಡ ಒಂದು ಬೇರಿಂಗು. ಆಮೇಲೆ ಮಂಕಿ ದಾಟಿ ಹೋಗಿ ಹೊನ್ನಾವರದ ಲೇತ್‌ನಲ್ಲಿ ಬಿಚ್ಚಿ ಜೊತೆಗೊಯ್ದಿದ್ದ ಸಿಲಿಂಡರನ್ನು ಆ ಪಿಸ್ಟನ್ನಿನ ಅಳತೆಗೆ ಕೊರೆಸಿಕೊಂಡು ಬಂದೆವು.

ಭಾನುವಾರ ಬೆಳಿಗ್ಗೆ ಅತ್ತೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಪಿಸ್ಟನ್ನು! ಬಿಸಿ ಮಾಡಿದರೆ ತೂತು ಹಿಗ್ಗಿ ಪಿನ್ನು ಸಲೀಸಾಗಿ ಹೋಗುತ್ತದೆಂದು ಮಾವ ಬೇಯಲು ಇಟ್ಟಿದ್ದ. "ಇದ್ಕೆ ಚಟ್ನಿ ಬೇಕಾ, ಸಾಂಬಾರ್ ಸಾಕಾ?" ಎಂದಳು ಅತ್ತೆ.

ಅಂದು ಮಾವನ ಬೆರಳುಗಳನ್ನು ನೋಡಬೇಕಿತ್ತು. ಸ್ವಲ್ಪ ಹೆಚ್ಚು ಅಗಲಿಸಿದರೂ ಮುರಿಯುವ ರಿಂಗನ್ನು ಹೆಬ್ಬೆರಳ ಉಗುರಿನಲ್ಲಿ ಇಷ್ಟೇ ಇಷ್ಟು ಬಿಡಿಸಿ, ಪಿಸ್ಟನ್ನಿನ ಸುತ್ತಲಿನ ಕಚ್ಚಿನೊಳಗೆ ಜಾರಿಸಿ, ತುದಿಗಳು ಅಲ್ಲಿರುವ ಸಣ್ಣ ಮೊಳೆಯ ಎರಡೂ ಬದಿಗೆ ಬರುವಂತೆ ಕೂರಿಸಿದ. ಪಿಸ್ಟನ್ನಿನ ನೆತ್ತಿಯ ಬಾಣದ ಗುರುತು ಸೈಲೆನ್ಸರಿನ ಕಡೆಗೆ. ಸುತ್ತ ಎಣ್ಣೆ ಸವರಿ ರಿಂಗುಗಳನ್ನು ಬೆರಳಲ್ಲಿ ಒತ್ತಿ ಹಿಡಿದ. ಮೇಲಿನಿಂದ ಸಿಲಿಂಡರ್ ಇಳಿಸುವುದು ನನ್ನ ಕೆಲಸ. "ನಿಧಾನ ತಂಗಿ, ಮಗೂಗೆ ಅಂಗಿ ಹಾಕೂ ಹಂಗೆ" ಎಂದ. ನಮ್ಮೂರ ಕಡೆ ಅಕ್ಕನ ಮಗಳೂ 'ತಂಗಿ'ಯೇ. ಇಳಿಯಿತು. ನನ್ನ ಬೆವರೂ ಇಳಿಯಿತು.

ಎಲ್ಲ ಬಿಗಿದ ಮೇಲೆ ನೋಡಿದರೆ ಗೋಣಿಯ ಮೇಲೆ ಕಾಗದದ ಪೊಟ್ಟಣ ಹಾಗೇ ಇದೆ.

"ಮಾವಾ, ಇದೊಂದು ಉಳಿದದೆ!"

"ಹೌದು ಹೌದು."

ಬಲ್ಲವನೇ ಹೌದೆಂದ ಮೇಲೆ ವಿಜ್ಞಾನದ ಟೀಚರ್ ಏನು ಹೇಳುವುದು? ಪೊಟ್ಟಣವನ್ನು ಗೋಣಿಯ ಅಂಚಿಗೆ ಸರಿಸಿದೆ.

ನಾಲ್ಕನೇ ಕಿಕ್ಕಿಗೆ ಬೈಕು ಗುಡುಗಿತು. ಮಾವ ಟ್ಯಾಂಕಿನ ಮೇಲೆ ಅಂಗೈಯಿಟ್ಟು ಅದರ ನಡುಕ ನೋಡಿ ನಕ್ಕ. ಆಮೇಲೆ ಅತ್ತೆಯ ಕಡೆ ತಿರುಗಿದ. ಅತ್ತೆ ಬಾಗಿಲಿಗೆ ಒರಗಿ ಅರೆಗಳಿಗೆ ಕೇಳಿದಳು. ತಲೆ ಅಲ್ಲಾಡಿಸಿದಳು.

"ಅಲ್ಲ. ಇದಲ್ಲ."

ನನಗೆ ಸಿಟ್ಟೇ ಬಂತು. ಬೇಕೆಂದೇ ಹೇಳುತ್ತಿದ್ದಾಳೆ ಎನಿಸಿತು. ಅವಳ ತುಟಿ ನೋಡಿಯೇ ಅರ್ಥಮಾಡಿಕೊಂಡ ಮಾವ "ಸುಳ್ಳು!" ಎಂದು ಕೂಗಿದ.

"ಎಂತಕೆ ಸುಳ್ಳು? ಮೇಲ್ಗಡೆ ಸಣ್ಣಕೆ ಕಿಣಿಕಿಣಿ ಅಂತದೆ. ತಂಬಿಗೆಗೆ ಬಳೆ ತಾಗಿದ ಹಂಗೆ. ಅದು ಇರ್ಲಿಲ್ಲ ಇದ್ಕೆ."

ನನಗೆ ಕೇಳುತ್ತಿದ್ದದ್ದು ಬರೀ ಗದ್ದಲ. ಆದರೆ ಪೊಟ್ಟಣದ ನೆನಪಾಯಿತು. ಬಿಚ್ಚಿ ಮಾವನ ಕಣ್ಣ ಮುಂದೆ ಹಿಡಿದೆ. ಪಿಸ್ಟನ್ನಿನ ಪಿನ್ನಿಗೆ ಹಾಕಬೇಕಿದ್ದ ಹೊಸ ಬೇರಿಂಗು! ಸೀಮೆಎಣ್ಣೆಯಲ್ಲಿ ತೊಳೆದ ಹಳೆಯದೇ ಮಿರಮಿರ ಮಿಂಚುತ್ತಿದ್ದದ್ದರಿಂದ ಅದನ್ನೇ ಮತ್ತೆ ಹಾಕಿಬಿಟ್ಟಿದ್ದ. ಮಾವ ಬೈಕು ಬಂದ್ ಮಾಡಿ ಗೋಣಿಯ ಮೇಲೆ ಕುಸಿದು ಕೂತ.

"ನೀ ಹೇಳಿದ್ದು ನಂಗೆ ಕೇಳ್ಲಿಲ್ಲ ತಂಗಿ" ಎಂದ. ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ನಾನು ಬೇರೆ ಕಡೆ ನೋಡಿದೆ.

ಕರಾರಿನ ಪ್ರಕಾರ ಅತ್ತೆ ಗೆದ್ದಿದ್ದಳು. ಒಳಗೆ ಹೋದಳು. ಗುಜರಿಯವನಿಗೆ ಫೋನ್ ಮಾಡುತ್ತಾಳೆಂದುಕೊಂಡೆ. ಒಂದು ಮಣೆ ಹಿಡಿದು ಬಂದು ಅಂಗಳದಲ್ಲೇ ಕೂತಳು. "ಬಿಚ್ಚಿ. ಇನ್ನೂ ಹೊತ್ತು ಅದೆ" ಎಂದಳು.

ಮತ್ತೆ ಬಿಚ್ಚಿದೆವು, ಮತ್ತೆ ಅಂಗಿ ತೊಡಿಸಿದೆವು. ಊಟದ ಹೊತ್ತು ಮೀರಿ ಎಷ್ಟೋ ಸಮಯದ ಮೇಲೆ ಬೈಕು ಶುರುವಾಯಿತು. ಅತ್ತೆ ಈ ಸಲ ಕಣ್ಣು ಮುಚ್ಚಿಕೊಂಡಳು. ಮಾವ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ ನಿಂತಿದ್ದ.

"ಆತು. ಇದೇ" ಎಂದು ಕೈಯೆತ್ತಿದಳು. ಮರುಗಳಿಗೆಯೇ, "ಹೈವೇ ಹತ್ತೂಕಿಲ್ಲ. ಊರೊಳಗೆ ಮಾತ್ರ!" ಎಂದು ಬೆರಳಾಡಿಸಿ ಕೂಗಿದಳು.

ಮಾವ ಬೈಕು ನಿಲ್ಲಿಸಿದ. ನನಗೆ ತಡೆಯಲಾಗಲಿಲ್ಲ. "ಅಲ್ದ ಅತ್ತೆ, ಇಷ್ಟು ವರ್ಷ ಶನಿ ಶನಿ ಅಂತ ಬೈತಾ ಬಂದ್ರಿ. ಇದ್ರ ಶಬ್ದ ಮಾವನಿಗಿಂತ ನಿಮ್ಗೇ ಗೊತ್ತಲ್ಲ, ಹೆಂಗೆ?"

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮಳೆಗಾಲದಲ್ಲಿ ಕಂಬ ಹತ್ತೂಕೆ ಹೋದವ್ರು. ಫೋನಿತ್ತಾ ಆವಾಗ? ಎಷ್ಟು ಹೊತ್ತಾದ್ರೂ ನಾ ಅನ್ನಕ್ಕೆ ಇಡ್ತಿರ್ಲಿಲ್ಲ. ತಿರುವಿನಲ್ಲಿ ಈ ಶಬ್ದ ಬಂದ್ಮೇಲೇ ಇಡೂದು. ಇವತ್ತೂ ಜೀವ ಉಳ್ಕಂಡು ಬಂದ್ರು ಅಂತ."

ಮಾವ ನಮ್ಮಿಬ್ಬರ ಮುಖವನ್ನೂ ನೋಡಿದ. ಈ ಸಲ ಹೌದು ಹೌದು ಎನ್ನಲಿಲ್ಲ. "ಎಂತ ಹೇಳ್ದಳು ತಂಗಿ?" ಎಂದು ಕೇಳಿದ.

ಇಂಥ ಮಾತನ್ನು ಕೂಗಿ ಹೇಳುವುದು ಹೇಗೆ? ಆದರೆ ಕೂಗದೆ ಅವನಿಗೆ ತಲುಪಿಸುವುದೂ ಹೇಗೆ? ಅವನ ಕಿವಿಯ ಹತ್ತಿರ ಬಗ್ಗಿ ಗಂಟಲು ಹರಿಯುವಂತೆ ಕೂಗಿದೆ. ಅಷ್ಟನ್ನೂ, ಒಂದಕ್ಷರ ಬಿಡದೆ. ಪಕ್ಕದ ಮನೆಯ ಸೊಸೆ ಬೇಲಿಯ ಮೇಲಿಂದ ಇಣುಕಿದಳು. ಅತ್ತೆ ನಾಚಿಕೆಯಿಂದ ಮಣೆಯನ್ನೂ ಬಿಟ್ಟು ಒಳಗೆ ಓಡಿದಳು.

ಮಾವ ಎಣ್ಣೆಗೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ ಬಾಗಿಲ ಕಡೆಗೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಲೆ ಬಗ್ಗಿಸಿ, ಮೆಲ್ಲಗೆ, "ಇನ್ನೊಂದ್ಸಲ ಹೇಳು" ಎಂದ.

ಕೇಳಿಸಿರಲಿಲ್ಲವೋ, ಕೇಳಿಸಿದ್ದರೂ ಮತ್ತೊಮ್ಮೆ ಕೇಳಬೇಕೆನಿಸಿತೋ ನನಗೆ ಗೊತ್ತಿಲ್ಲ. ನಾನು ಇನ್ನೊಮ್ಮೆ ಕೂಗಿದೆ.