ಟ್ಯಾಂಕಿಗಿಳಿದ ಸಾಗರ ಸಾರ್ವಭೌಮ

"ಮನುಷ್ಯನಾಗಿ ಹುಟ್ಟಿದ ಮೇಲೆ ಒಂದು ಸಬ್‌ಮರೀನನ್ನಾದರೂ ಮುಳುಗಿಸಬೇಕು!" ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಊಟದ ಮೇಜಿನ ಮೇಲೆ ಯಾರದೋ ಮನೆಯ ಪರದೆ ಅಳೆಯುತ್ತಿದ್ದಳು. ಬಾಯಲ್ಲಿ ಸೂಜಿ ಇರುವಷ್ಟು ಹೊತ್ತು ಅವಳು ಮಾತಾಡುವುದಿಲ್ಲ. ನನ್ನ ಜೀವನದ ಮಹತ್ತರ ನಿರ್ಧಾರಗಳನ್ನೆಲ್ಲ ನಾನು ಪ್ರಕಟಿಸುವುದು ಆ ಹೊತ್ತಿಗೇ.

ಸಬ್‌ಮರೀನು ಕೊಟ್ಟದ್ದು ನನ್ನ ಮಾವ. ನಲವತ್ತು ವರ್ಷ ಪ್ಲಂಬರ್ ಕೆಲಸ ಮಾಡಿ ನಿವೃತ್ತರಾದವರು. ನನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಒಂದು ಪ್ಲಾಸ್ಟಿಕ್ ಕಿಟ್ಟು ತಂದುಕೊಟ್ಟು, "ಅಂಟಿಸಿ, ಬಣ್ಣ ಬಳಿದು ಶೋಕೇಸಲ್ಲಿಡಿ ಅಳಿಯಂದ್ರೇ. ನೀರಿಗೆ ಮಾತ್ರ ಇಳಿಸಬೇಡಿ" ಅಂದಿದ್ದರು. ನೀರಿಗಿಳಿಯದ ಸಬ್‌ಮರೀನಂತೆ! ಸಾಹಿತ್ಯವಿಲ್ಲದ ಹಾಡನ್ನು ಬೇಕಾದರೆ ಕೇಳಿಯೇನು, ಇದನ್ನು ಹೇಗೆ ಸಹಿಸಲಿ? ಮೋಟಾರು, ಬ್ಯಾಟರಿ, ರಿಮೋಟು ಎಲ್ಲ ಜೋಡಿಸಿ ಅದನ್ನು ನಿಜವಾಗಿಯೂ ಓಡಿಸುತ್ತೇನೆಂದು ತೀರ್ಮಾನಿಸಿಬಿಟ್ಟೆ.

ಹೆಂಡತಿ ನಿಧಾನವಾಗಿ ನಾಲ್ಕೂ ಸೂಜಿ ಬಾಯಿಂದ ತೆಗೆದಳು. ಅಪಾಯದ ಲಕ್ಷಣ.

"ಎಲ್ಲಿ ಕೂತು ಮಾಡ್ತೀರಿ?"

"ಹಿಂದಿನ ರೂಮಲ್ಲಿ. ಅದು ನನ್ನ ಕಾರ್ಯಾಗಾರ ಅಲ್ವೇನೇ?"

ಈ ರೂಮಿನ ಕಥೆ ಹೇಳಲೇಬೇಕು. ನಮ್ಮ ಮನೆಯಲ್ಲಿರುವುದು ಒಂದೇ ಒಂದು ಹೆಚ್ಚುವರಿ ರೂಮು. ಅದರ ತುಂಬ ನನ್ನ ಸಾಧನೆಗಳು: ಮುಳ್ಳು ಹಿಂದಕ್ಕೆ ಓಡುವ ಗಡಿಯಾರ, ಒಂದು ಹಕ್ಕಿಯೂ ಇಣುಕಿ ನೋಡದ ಹಕ್ಕಿಗೂಡು, ಮೂರು ಕಾಲಿನ ಕುರ್ಚಿ. (ನಾಲ್ಕು ಕಾಲಿನದೇ ಮಾಡಲು ಹೊರಟಿದ್ದೆ.) ಪರದೆ ಹೊಲಿದು ಮನೆಗೆ ನೆರವಾಗುತ್ತಿರುವ ಹೆಂಡತಿ ಮಾತ್ರ ಹನ್ನೊಂದು ವರ್ಷದಿಂದ ಊಟದ ಮೇಜಿನ ಮೇಲೇ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಾಳೆ. ಮೂರು ಹೊತ್ತೂ ಮಿಷನ್ನು ಎತ್ತಿಟ್ಟು ತಟ್ಟೆ ಇಡಬೇಕು, ತಟ್ಟೆ ಎತ್ತಿ ಮಿಷನ್ನು ಇಡಬೇಕು. ಸಾರಿನಲ್ಲಿ ದಾರ ಸಿಕ್ಕರೆ ನಾವಿಬ್ಬರೂ ಅದರ ಬಣ್ಣ ನೋಡಿ, ಇವತ್ತು ಯಾರ ಮನೆಯ ಪರದೆ ಎಂದು ಹೇಳಬಲ್ಲೆವು.

"ರೀ, ಒಂದು ಮಾತು" ಅಂದಳು. "ಬರೋ ಭಾನುವಾರ ಅದು ನೀರಲ್ಲಿ ಮುಳುಗಿ ತಾನಾಗೇ ಮೇಲೆ ಬಂದ್ರೆ ರೂಮು ನಿಮ್ಮದು. ಇನ್ನು ಜನ್ಮದಲ್ಲಿ ಕೇಳಲ್ಲ. ಬರ್ಲಿಲ್ಲ ಅಂದ್ರೆ ಸೋಮವಾರ ನನ್ನ ಮಿಷನ್ನು ಒಳಗೆ, ನಿಮ್ಮ ಸರಂಜಾಮು ಹೊರಗೆ."

"ಒಪ್ಪಿದೆ! ಬೇಕಾದ್ರೆ ಬರೆದುಕೊಡ್ಲಾ?"

"ಬೇಡ. ನಿಮ್ಮ ಅಕ್ಷರ ನಿಮಗೇ ಓದೋಕಾಗಲ್ಲ."

ಕೆಲಸ ಶುರುವಾಯಿತು. ಹಳೆಯ ಆಟದ ಕಾರಿನ ಹೊಟ್ಟೆ ಬಗೆದು ಮೋಟಾರು, ರಿಮೋಟು ಕಿತ್ತೆ. ಬಾಲಕ್ಕೆ ಫ್ಯಾನು, ಪಕ್ಕಕ್ಕೆ ಎರಡು ರೆಕ್ಕೆ. ರೆಕ್ಕೆ ಬಾಗಿಸಿ ಮುನ್ನುಗ್ಗಿದರೆ ಮುಳುಗಬೇಕು, ಎತ್ತಿ ಮುನ್ನುಗ್ಗಿದರೆ ಏಳಬೇಕು. ಆಫೀಸಿನ ದಫ್ತರದಲ್ಲಿ ಇಪ್ಪತ್ತೈದು ವರ್ಷದಿಂದ ಮುಳುಗಿಹೋದ ಕಡತಗಳನ್ನು ಮೇಲೆತ್ತುತ್ತಿರುವ ನನಗೆ ಇದ್ಯಾವ ಲೆಕ್ಕ! ಸಂದಿಗೊಂದಿಗೆಲ್ಲ ಗಟ್ಟಿ ಗೋಂದು ಮೆತ್ತಿ, ಬೂದು ಬಣ್ಣ ಬಳಿದು, "ಸಾಗರ ಸಾರ್ವಭೌಮ" ಎಂದು ನಾಮಕರಣವನ್ನೂ ಮಾಡಿದೆ.

ಶುಕ್ರವಾರ ಬಟ್ಟೆ ನೆನೆಸುವ ಟಬ್ಬಿನಲ್ಲಿ ಮೊದಲ ಪರೀಕ್ಷೆ. ಸಾರ್ವಭೌಮ ತೇಲಿದ. ರೆಕ್ಕೆ ಬಾಗಿಸಿದೆ, ತೇಲಿದ. ಕೈಯಿಂದ ಅದುಮಿದೆ, ಚಂಗನೆ ಎದ್ದು ನನ್ನ ಮೂಗಿಗೆ ಬಡಿದ.

"ಸೋರೆಕಾಯಿ ಚೆನ್ನಾಗಿ ತೇಲುತ್ತೆ" ಅಂದಳು ಹೆಂಡತಿ, ಬಕೆಟ್ಟು ಎತ್ತಿಕೊಂಡು ಹೋಗುತ್ತಾ.

ಭಾರ ಬೇಕಿತ್ತು. ಚಿಕ್ಕದಾಗಿರಬೇಕು, ತೂಕವಾಗಿರಬೇಕು. ಮನೆಯೆಲ್ಲ ಹುಡುಕಿದೆ. ಊಟದ ಮೇಜಿನ ಮೇಲೆ ಡಾಕ್ಟರಮ್ಮನ ಕ್ಲಿನಿಕ್ಕಿಗೆಂದು ಹೊಲಿದ ನಾಲ್ಕು ಪರದೆ ಮಡಚಿಟ್ಟಿದ್ದವು. ಸರಿಸಲು ಹೋದರೆ ಅಂಚು ಭಾರ. ಮುಟ್ಟಿ ನೋಡಿದೆ. ಮಡಿಕೆಯೊಳಗೆ ಸಾಲಾಗಿ ಸ್ಟೀಲಿನ ಬಿಲ್ಲೆಗಳು, ಒಂದೊಂದರಲ್ಲಿ ಆರಾರು! ಅಲ್ಲ, ಪರದೆಗೆ ಯಾಕೆ ಭಾರ? ಪರದೆ ಏನು ಮುಳುಗಬೇಕಾ? ಇದೊಂದು ಹೆಂಗಸರ ಅಲಂಕಾರವಿರಬೇಕು ಅಂದುಕೊಂಡು, ಅವಳು ಪಕ್ಕದ ಮನೆಗೆ ಹೋದ ಸಮಯ ನೋಡಿ, ಬ್ಲೇಡಿನಿಂದ ಅಂಚು ಬಿಚ್ಚಿ ಇಪ್ಪತ್ನಾಲ್ಕೂ ಬಿಲ್ಲೆ ತೆಗೆದೆ. ಹೊಲಿಯಲು ನನಗೆ ಬರುವುದಿಲ್ಲ. ಗೋಂದು ಹಚ್ಚಿ ಅಂಚು ಮುಚ್ಚಿದೆ. ಬಿಲ್ಲೆಗಳನ್ನು ಸಾರ್ವಭೌಮನ ಹೊಟ್ಟೆಯೊಳಗೆ ಅದೇ ಗೋಂದಿನಲ್ಲಿ ಶಾಶ್ವತವಾಗಿ ಕೂರಿಸಿದೆ. ಈಗ ನೋಡಿ, ಟಬ್ಬಿನಲ್ಲಿ ಮೂತಿ ಮಾತ್ರ ಹೊರಗೆ ಹಾಕಿ ಗಂಭೀರವಾಗಿ ನಿಂತ! ಮರುದಿನ ಪರದೆಗಳು ಕ್ಲಿನಿಕ್ಕಿಗೆ ಹೋದವು. ನಾನು ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಬೆಳಿಗ್ಗೆ ಲೋಕಾರ್ಪಣೆ. ಟಬ್ಬಿನಲ್ಲಿ ಸಾರ್ವಭೌಮನಿಗೆ ತಿರುಗಲೂ ಜಾಗವಿಲ್ಲ. ಹಾಗಾಗಿ ಟೆರೇಸಿನಲ್ಲಿದ್ದ ಇಡೀ ಕಟ್ಟಡದ ದೊಡ್ಡ ನೀರಿನ ಟ್ಯಾಂಕನ್ನೇ ಸಾಗರವೆಂದು ಭಾವಿಸಿದೆ. ಬಳಕೆಯ ನೀರು, ಕುಡಿಯುವುದಲ್ಲ, ದೋಷವೇನು? ಹೆಂಡತಿ ಒಗೆದ ಬಟ್ಟೆ ಹರವಲು ಬಂದವಳು ಸಾಕ್ಷಿಯಾಗಿ ನಿಂತಳು. ಅವಳದೇ ಡಬ್ಬಿಯ ರಿಬ್ಬನ್ನು ಕಟ್ಟಿ, ಅವಳದೇ ಕತ್ತರಿಯಲ್ಲಿ ಕತ್ತರಿಸಿ, ನೌಕೆಯನ್ನು ಇಳಿಸಿದೆ.

ಏನು ಹೇಳಲಿ! ಓಡಿತು ಸ್ವಾಮಿ, ಓಡಿತು! ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಹೆಂಡತಿಯ ಕೈಯಲ್ಲಿದ್ದ ಒದ್ದೆ ಟವೆಲ್ಲು ಕೈಯಲ್ಲೇ ಉಳಿಯಿತು.

"ಅಯ್ಯೋ, ಹೌದಲ್ರೀ!" ಅಂದಳು. ಮದುವೆಯಾದಾಗಿನಿಂದ ಆ ದನಿಯಲ್ಲಿ ನನ್ನನ್ನು ಹೊಗಳಿದ್ದು ಅದೇ ಮೊದಲು. ನನ್ನ ಎದೆ ಉಬ್ಬಿತು.

"ಈಗ ನೋಡು, ಮುಳುಗು!" ಎಂದು ಗುಂಡಿ ಒತ್ತಿದೆ. ಸಾರ್ವಭೌಮ ತಲೆ ತಗ್ಗಿಸಿ, ಸುಯ್ಯೆಂದು ಕತ್ತಲೆಗಿಳಿದ.

"ಈಗ ಏಳು!"

ಏಳಲಿಲ್ಲ.

"ಏಳಪ್ಪಾ!"

ಊಹೂಂ. ನನ್ನ ರಿಮೋಟಿನ ಮಾತು ಗಾಳಿಯಲ್ಲಿ ಓಡುತ್ತದೆ, ನೀರೊಳಗೆ ಇಳಿಯುವುದಿಲ್ಲ ಎಂದು ಆಮೇಲೆ ತಿಳಿಯಿತು. ಸಾರ್ವಭೌಮನಿಗೆ ಕೊನೆಯದಾಗಿ ಕೇಳಿಸಿದ್ದು "ಮುಳುಗು" ಎಂಬ ಆಜ್ಞೆ. ಅದನ್ನೇ ಶಿರಸಾವಹಿಸಿ ಆತ ಮುಳುಗುತ್ತಲೇ ಹೋದ.

"ಥೇಟ್ ನಿಮ್ಮ ಹಾಗೇ" ಅಂದಳು ಹೆಂಡತಿ. "ಒಂದು ಸಲ ತಲೇಲಿ ಹೊಕ್ಕಿದ್ದೇ ಹೊಕ್ಕಿದ್ದು, ಆಮೇಲೆ ಯಾರು ಕೂಗಿದ್ರೂ ಕೇಳ್ಸಲ್ಲ."

ಅಷ್ಟರಲ್ಲಿ ಟ್ಯಾಂಕಿನ ತಳದಿಂದ "ಗೊಳಕ್" ಎಂಬ ಸದ್ದು ಬಂತು. ಎರಡು ನಿಮಿಷಕ್ಕೆ ಮೂರನೇ ಮಹಡಿಯ ಡ್ರಾಯಿಂಗ್ ಮೇಷ್ಟ್ರು ಟವೆಲ್ಲು ಸುತ್ತಿಕೊಂಡು, ಮುಖದ ತುಂಬ ಸೋಪು ಹಚ್ಚಿಕೊಂಡು, ಗೋಡೆ ತಡವುತ್ತಾ ಮೆಟ್ಟಿಲು ಹತ್ತಿ ಬಂದರು.

"ನೀರು ನಿಂತೋಯ್ತು! ಯಾರ್ರೀ ಅಲ್ಲಿ?"

"ಯಾರೂ ಇಲ್ಲ ಮೇಷ್ಟ್ರೇ" ಅಂದೆ ನಾನು.

ಹೆಂಡತಿಯ ಫೋನು ಹೊಡೆದುಕೊಂಡದ್ದು ಆಗಲೇ. ಡಾಕ್ಟರಮ್ಮ. ಅವರ ದನಿ ಟ್ಯಾಂಕಿನಾಚೆ ನಿಂತಿದ್ದ ನನಗೂ ಕೇಳಿಸಿತು.

"ಏನಮ್ಮಾ ಇದು? ಫ್ಯಾನ್ ಹಾಕಿದ ತಕ್ಷಣ ನಿನ್ನ ಪರದೆ ಸೂರಿಗೆ ಹಾರ್ತಾ ಇದೆ! ಒಳಗೆ ಇಂಜೆಕ್ಷನ್ನಿಗೆ ಬೋರಲು ಮಲಗಿದ್ದವರಿಗೆ ಹೊರಗೆ ಕೂತ ಎಂಟು ಜನ 'ನಮಸ್ಕಾರ ಸಾರ್' ಅಂದ್ರು! ಹೈಸ್ಕೂಲ್ ಹೆಡ್‌ಮಾಸ್ಟರ್ ಕಣಮ್ಮಾ ಅವರು! ಅಂಚಲ್ಲಿ ಭಾರ ಹಾಕ್ತೀನಿ ಅಂದಿದ್ದೆಯಲ್ಲ?"

"ಹಾಕಿದ್ದೆ ಮೇಡಂ! ಇಪ್ಪತ್ನಾಲ್ಕು ಬಿಲ್ಲೆ, ನಾನೇ ಎಣಿಸಿ…" ಅಂದವಳು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಟ್ಯಾಂಕನ್ನು ನೋಡಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳ ಹೊಲಿಗೆಯ ಮೇಲೆ ಒಂದು ದೂರೂ ಬಂದಿರಲಿಲ್ಲ. ಮೊದಲ ದೂರನ್ನು ಗೋಂದು ಹಚ್ಚಿ ಕಳಿಸಿದವನು ನಾನು! ನನಗೆ ನಿಜಕ್ಕೂ ನಾಚಿಕೆಯಾಯಿತು. ಫೋನು ಇಸಕೊಂಡು, "ಮೇಡಂ, ತಪ್ಪು ಅವಳದಲ್ಲ, ಬಿಲ್ಲೆ ಕದ್ದೋನು ನಾನು" ಎಂದು ಒಪ್ಪಿಕೊಂಡೆ. ಸೋಪು ಹಚ್ಚಿದ ಮೇಷ್ಟ್ರು ಕಣ್ಣು ಬಿಡದೆಯೇ, "ನೀರೂ ಇವನೇ ಕದ್ದಿರೋದು" ಅಂದರು.

ಪಕ್ಕದ ಬೀದಿಯಿಂದ ಮಾವ ಬಂದರು. ವಾಲ್ವು ತಿರುಗಿಸಿ, ತುದಿ ಬಾಗಿಸಿದ ಉದ್ದನೆಯ ತಂತಿ ಇಳಿಬಿಟ್ಟು, ಹೊರ ಹೋಗುವ ಪೈಪಿನ ಬಾಯಿಗೆ ಸಿಕ್ಕಿಕೊಂಡಿದ್ದ ಸಾರ್ವಭೌಮನನ್ನು ಎಳೆದು ತೆಗೆದರು.

"ಪೈಪಲ್ಲಿ ಚಮಚ ನೋಡಿದ್ದೀನಿ, ಹಲ್ಲುಸೆಟ್ಟು ನೋಡಿದ್ದೀನಿ, ಒಂದು ಸಲ ಮದುವೆ ಉಂಗುರಾನೂ ನೋಡಿದ್ದೀನಿ" ಅಂದರು. "ಸಬ್‌ಮರೀನು ಇದೇ ಮೊದಲು ಅಳಿಯಂದ್ರೇ."

ನಾನು ತಲೆ ತಗ್ಗಿಸಿದೆ. ಅವರು ನೌಕೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಆದ್ರೆ ಒಂದು ಹನಿ ನೀರೂ ಒಳಗೆ ಹೋಗಿಲ್ಲ. ಜಾಯಿಂಟು ಪಸಂದಾಗಿದೆ!" ನಲವತ್ತು ವರ್ಷದ ಪ್ಲಂಬರು ಕೊಟ್ಟ ಪ್ರಶಸ್ತಿ! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನಿಸಿ ಸಣ್ಣಗೆ ವಾದ ತೆಗೆದೆ.

"ಏನೇ ಅನ್ನು, ಮೇಲಂತೂ ಬಂತು ಕಣೇ."

"ಬಂತು. ನಮ್ಮಪ್ಪನ ಕೈಯಲ್ಲಿ."

ಅಂದು ಮಧ್ಯಾಹ್ನ ಅವಳು ಹೊಸ ಬಿಲ್ಲೆ ತಂದು, ಕ್ಲಿನಿಕ್ಕಿನಲ್ಲೇ ಕೂತು ಒಂದೊಂದಾಗಿ ಪರದೆ ಇಳಿಸಿ ಹೊಲಿದಳು. ಉಳಿದ ಪರದೆ ಹಾರದಂತೆ ಹಿಡಿಯಬೇಕಲ್ಲ? ಎರಡು ಗಂಟೆ ನಾನೇ ಭಾರವಾಗಿ ನೆಲದ ಮೇಲೆ ಕೂತೆ. ಬಂದ ರೋಗಿಗಳೆಲ್ಲ ಮೊದಲ ಸರದಿ ನನ್ನದೆಂದುಕೊಂಡು ಮರುಗಿದರು.

ಸೋಮವಾರ ರೂಮು ಖಾಲಿಯಾಯಿತು. ಗಡಿಯಾರ, ಹಕ್ಕಿಗೂಡು, ಕುರ್ಚಿಗಳನ್ನು ನಾನೇ ಎತ್ತಿ ಹೊರಗಿಟ್ಟೆ, ಮಿಷನ್ನನ್ನು ನಾನೇ ಕಿಟಕಿಯ ಬೆಳಕಿಗೆ ತಂದಿಟ್ಟೆ. ಅವಳು ಕೂತು ಒಂದು ಉದ್ದ ಹೊಲಿಗೆ ಓಡಿಸಿ ನಕ್ಕದ್ದು ನೋಡಿದಾಗ, ಈ ಬುದ್ಧಿ ಹನ್ನೊಂದು ವರ್ಷ ಮುಂಚೆ ಯಾಕೆ ಬರಲಿಲ್ಲವೋ ಅನ್ನಿಸಿತು. ಈಗ ನಮ್ಮ ಸಾರಿನಲ್ಲಿ ದಾರ ಇರುವುದಿಲ್ಲ.

ಸಾರ್ವಭೌಮ? ಇದ್ದಾನೆ, ಆ ರೂಮಿನಲ್ಲೇ ಇದ್ದಾನೆ. ಬಟ್ಟೆ ಕತ್ತರಿಸುವಾಗ ಜಾರದಂತೆ ಮೇಲಿಡಲು ಅವಳಿಗೊಂದು ಭಾರ ಬೇಕಿತ್ತು. "ಇಟ್ಟ ಕಡೆ ಅಲ್ಲಾಡಲ್ಲ. ಚಿನ್ನದಂಥಾ ವಸ್ತು ಕಣ್ರೀ" ಅನ್ನುತ್ತಾಳೆ. ಗಿರಾಕಿಗಳು "ಸಬ್‌ಮರೀನಾ? ಓಡುತ್ತಾ?" ಎಂದು ಕೇಳಿದರೆ, "ಓಡದೇ ಇರೋದೇ ಇದರ ಗುಣ" ಎಂದು ಉತ್ತರ.

ನನಗೆ ರೋಷ ಬರದಿರುತ್ತದೆಯೇ? ಮೊನ್ನೆ ಅವಳು ಬಾಯಲ್ಲಿ ಸೂಜಿ ಕಚ್ಚಿಕೊಂಡು ಬಟ್ಟೆ ಹರವುತ್ತಿದ್ದಾಗ, ಬಾಗಿಲ ಮರೆಯಿಂದ ಮೆಲ್ಲಗೆ ರಿಮೋಟು ಒತ್ತಿದೆ. ಗುರ್ರ್! ಸಾರ್ವಭೌಮನ ಬಾಲ ತಿರುಗಿತು! ಬಟ್ಟೆ ಒಂದಿಂಚು ಸರಿಯಿತು!

ಅವಳು ತಲೆಯೆತ್ತಲಿಲ್ಲ. ಸುಮ್ಮನೆ ನನ್ನತ್ತ ಕೈ ಚಾಚಿದಳು. ನಾನು ಹೋಗಿ ರಿಮೋಟನ್ನು ಆ ಕೈಯಲ್ಲಿಟ್ಟೆ. ಅದನ್ನೊಮ್ಮೆ ಅಂಗೈಯಲ್ಲೇ ತೂಗಿ ನೋಡಿ, ಹಾರುತ್ತಿದ್ದ ಬಟ್ಟೆಯ ಇನ್ನೊಂದು ತುದಿಯ ಮೇಲಿಟ್ಟಳು.